ಕಂಟೇನರಿನೊಳಗೆ ಒಂದೂಕಾಲು ಎಕರೆ

ಜಲಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿಯವರಿಗೆ ತಲೆಗೆ ದಿನಕ್ಕೆ 55 ಲೀಟರ್ ನೀರು. ಅದರಲ್ಲಿ ಶೇ 80ರಷ್ಟು, ಅಂದರೆ 44 ಲೀಟರ್, ಬಚ್ಚಲು ಹಾದು ಗಟಾರ ಸೇರುತ್ತದೆ. ಅಫಜಲಪುರ ತಾಲ್ಲೂಕಿನ ಅತನೂರ ಕಡೆ ಐದು ಸಾವಿರ ಜನರ ಒಂದು ಊರು ಎಂದು ಹಿಡಿಯಿರಿ: ದಿನಕ್ಕೆ 2.2 ಲಕ್ಷ ಲೀಟರ್, ವರ್ಷಕ್ಕೆ ಎಂಟು ಕೋಟಿ. ಬೇಸಿಗೆ ಬಂದರೆ ನೀರಿಗೆ ಪರದಾಡುವ ಸೀಮೆಯಲ್ಲಿ ಎಂಟು ಕೋಟಿ ಲೀಟರ್!

ಅದು ಹಾಗೇ ಹಳ್ಳಕ್ಕಿಳಿದರೆ? ಒಂದು ಲೀಟರ್ ಕೊಳಚೆಯ ಹೊಲಸು ಐದು ದಿನ ಕೊಳೆಯುವಷ್ಟರಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕ ತಿನ್ನುತ್ತದೆ. ನಮ್ಮ ಬಿಸಿಲಿಗೆ ಕಾದ ಶುದ್ಧ ನೀರಿನಲ್ಲಿ ಲೀಟರಿಗೆ ಏಳೂವರೆ ಮಿಲಿಗ್ರಾಂ ಕರಗಿದ್ದರೆ ಹೆಚ್ಚು. ಒಂದು ಚೊಂಬು ಗಟಾರದ ನೀರು ಮೂವತ್ತು ಚೊಂಬು ಹೊಳೆನೀರಿನ ಉಸಿರು ಕಟ್ಟಿಸಬಲ್ಲದು. ಕಬ್ಬಿನ ಕಾಕಂಬಿಯಿಂದ ಸ್ಪಿರಿಟ್ ತೆಗೆದ ಮೇಲೆ ಉಳಿಯುವ ಕಂದು ನೀರಿನಲ್ಲಿ ಈ ಹಸಿವು 40,000 ಮಿಲಿಗ್ರಾಂ ದಾಟುತ್ತದೆ. ಒಂದು ಚೊಂಬಿಗೆ ಐದು ಸಾವಿರ ಚೊಂಬು! ಡಿಸ್ಟಿಲರಿಗಳು ಅದರ ಹನಿಯನ್ನೂ ಹೊರಬಿಡಬಾರದೆಂಬ ನಿಯಮ ಸುಮ್ಮನೆ ಬಂದದ್ದಲ್ಲ.

ಬೆಂಗಳೂರು ತನ್ನ ಕೊಳಚೆಯನ್ನು ದೊಡ್ಡ ಘಟಕಗಳಲ್ಲಿ ತೊಳೆದು, ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಕಳಿಸುತ್ತಿದೆ. ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್, ನಮ್ಮ ಊರಿನಂಥ ಎರಡು ಸಾವಿರ ಊರುಗಳ ಗಟಾರಕ್ಕೆ ಸಮ. ಆದರೆ ಆಳಂದ, ಜೇವರ್ಗಿ, ಅಫಜಲಪುರದ ಹಳ್ಳಿಗಳು ಮೈಲಿಗೊಂದು ಚದುರಿವೆ. ಅಷ್ಟು ದೂರ ಪೈಪು ಹೂಳುವುದು ಆಗದ ಮಾತು. ಘಟಕವೇ ಲಾರಿ ಹತ್ತಿ ಊರಿಗೆ ಬರಬೇಕು.

ಬರುವುದು ಇಪ್ಪತ್ತಡಿ ಉದ್ದದ ಕಬ್ಬಿಣದ ಕಂಟೇನರ್. ಒಳಗೆ ಅಂಗಿ ಗುಂಡಿಯಷ್ಟಗಲದ ಪ್ಲಾಸ್ಟಿಕ್ ಚಕ್ರಗಳು, ಲಕ್ಷಗಟ್ಟಲೆ. ಪ್ರತಿ ಚಕ್ರದೊಳಗೂ ಅಡ್ಡಗೋಡೆಗಳು. ಬ್ಲೋವರ್ ಊದುವ ಗಾಳಿಗೆ ನೀರು ಕುದಿದಂತೆ ಹೊರಳುತ್ತದೆ, ಚಕ್ರಗಳೂ ಹೊರಳುತ್ತವೆ. ಗೋಡೆಗಳಿಗೆ ಅಂಟಿದ ಕಂದು ಲೋಳೆಯೇ ಹೊಲಸು ತಿನ್ನುವ ಬ್ಯಾಕ್ಟೀರಿಯಾಗಳ ಮನೆ. ಒಂದು ಘನ ಮೀಟರ್ ಚಕ್ರಗಳ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು 500 ಚದರ ಮೀಟರ್. ಹತ್ತು ಘನ ಮೀಟರ್ ತುಂಬಿದ ಪೆಟ್ಟಿಗೆಯೊಳಗೆ ಒಂದೂಕಾಲು ಎಕರೆ ಅಡಗಿ ಕೂತಿರುತ್ತದೆ! ಅಷ್ಟು ಮೈ ದಿನಕ್ಕೆ ಲಕ್ಷ ಲೀಟರಿನ ಹೊಲಸು ತಿನ್ನಬಲ್ಲದು. ಹೂಳು ತಂಗಲು ಜಾಗ ಸೇರಿಸಿದರೂ ಮೂರು ಕಂಟೇನರಿಗೆ ಊರಿನ ಗಟಾರ ಮುಗಿಯಿತು.

ಹೀಗೆ ತೊಳೆದ ನೀರನ್ನು ಹೊಲಕ್ಕೆ ಬಿಡಬಹುದು. ಒಂದು ಎಕರೆಗೆ ಒಂದಿಂಚು ನೀರು ನಿಲ್ಲಿಸಲು 1.03 ಲಕ್ಷ ಲೀಟರ್ ಸಾಕು. ಅಂದರೆ ದಿನಕ್ಕೆ ಎರಡು ಎಕರೆ, ತಿಂಗಳಿಗೆ ಅರವತ್ತು ಎಕರೆ ಮೇವಿನ ಜೋಳಕ್ಕೆ ಒಂದೊಂದು ಇಂಚು. ಕರೆಂಟ್ ಮಾತ್ರ ಕೈಕೊಡಬಾರದು: ಗಾಳಿ ನಿಂತರೆ ಕೆಲವೇ ಗಂಟೆಗಳಲ್ಲಿ ಆ ಲೋಳೆ ಉಸಿರುಗಟ್ಟಿ ನಾರತೊಡಗುತ್ತದೆ. ಹಾಗಾಗಿ ಕಂಟೇನರಿನ ಜೊತೆಗೇ ಒಂದು ಜನರೇಟರಿಗೂ, ಅದನ್ನು ನೋಡಿಕೊಳ್ಳುವ ಊರಿನ ಒಬ್ಬ ಹುಡುಗನ ಸಂಬಳಕ್ಕೂ ಪಂಚಾಯ್ತಿ ದುಡ್ಡು ಎತ್ತಿಡಬೇಕು.