ಊಟದ ಹೊತ್ತು, ನಿದ್ರೆ ಮತ್ತು ದೇಹದ ತೂಕ

ದುಡಿಯುವ ಎತ್ತಿಗೆ ಹೊತ್ತಿಗೆ ಸರಿಯಾಗಿ ಮೇವು ಹಾಕಿ, ಮೆಲುಕು ಹಾಕಲು ವಿರಾಮ ಕೊಡಬೇಕೆಂಬುದು ನಮ್ಮ ರೈತರಿಗೆ ತಿಳಿಯದ ಸಂಗತಿಯಲ್ಲ. ಆದರೆ ಎತ್ತಿನ ವಿಷಯದಲ್ಲಿರುವ ಈ ಎಚ್ಚರಿಕೆಯನ್ನು ಸ್ವಂತ ದೇಹದ ವಿಷಯದಲ್ಲಿ ತೋರುವವರು ವಿರಳ. ಇದರ ಫಲವು ಅಂಕಿಗಳಿಂದಲೇ ವಿದಿತವಾಗುವುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕವುಳ್ಳ ಪುರುಷರು 2015-16ರಲ್ಲಿ ನೂರಕ್ಕೆ 22ರಷ್ಟಿದ್ದವರು 2019-21ರ ಸಮೀಕ್ಷೆಯಲ್ಲಿ 31ರಷ್ಟಾದರು. ಸ್ತ್ರೀಯರು 23ರಿಂದ 30ಕ್ಕೇರಿದರು.

ಇದಕ್ಕೆ ಕಾರಣವೇನೆಂದು ವಿಚಾರಿಸೋಣ. ರಾಗಿಯ ಸೀಮೆಯಲ್ಲಿ ಹಿಂದೆ ಮುದ್ದೆ, ಸೊಪ್ಪಿನ ಸಾರು, ಕಾಳು, ಮಜ್ಜಿಗೆಗಳೇ ಮುಖ್ಯಾಹಾರವಾಗಿದ್ದವು. ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಊಟ ಮುಗಿದು, ಊರು ಬೇಗನೆ ಮಲಗುತ್ತಿತ್ತು. ಈಗ ಪಾಲಿಷ್ ಅಕ್ಕಿಯ ಅನ್ನವು ಹೆಚ್ಚಿದೆ, ಸಂಜೆ ಸಕ್ಕರೆಯ ಚಹಾ, ಕರಿದ ತಿಂಡಿ, ಟೆಲಿವಿಷನ್ ಮುಗಿದ ಮೇಲೆ ಹತ್ತು ಗಂಟೆಗೆ ಭಾರಿ ಊಟ, ಒಡನೆಯೇ ಹಾಸಿಗೆ. ಉಳುಮೆಯನ್ನು ಟ್ರಾಕ್ಟರು ಮಾಡುವುದರಿಂದ ದೇಹಶ್ರಮವು ಕಡಿಮೆಯಾಯಿತು, ಊಟದ ಪ್ರಮಾಣ ಮಾತ್ರ ಕಡಿಮೆಯಾಗಲಿಲ್ಲ.

ಊಟದ ಹೊತ್ತಿನ ಪರಿಣಾಮವನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದವರು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿರುವರು. ಆರೋಗ್ಯವಂತರಾದ 20 ಜನರಿಗೆ ಒಂದೇ ಬಗೆಯ ಊಟವನ್ನು ಒಂದು ದಿನ ಸಂಜೆ 6ಕ್ಕೂ ಇನ್ನೊಂದು ದಿನ ರಾತ್ರಿ 10ಕ್ಕೂ ಕೊಡಲಾಯಿತು. ಎರಡು ದಿನವೂ ಮಲಗಿದ್ದು 11ಕ್ಕೆ. ತಡವಾಗಿ ಉಂಡ ದಿನ ರಕ್ತದ ಸಕ್ಕರೆಯ ಏರಿಕೆಯು ಸುಮಾರು ನೂರಕ್ಕೆ 18ರಷ್ಟು ಹೆಚ್ಚಿತು. ಕೊಬ್ಬು ಕರಗುವುದು ನೂರಕ್ಕೆ 10ರಷ್ಟು ತಗ್ಗಿತು.

ನಿದ್ರೆಗೆಡುವುದರ ಫಲವೂ ಇಂಥದೇ. ಷಿಕಾಗೋ ನಗರದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 12 ಜನ ಯುವಕರು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿದಾಗ ತೃಪ್ತಿಯನ್ನು ಸೂಚಿಸುವ ಲೆಪ್ಟಿನ್ ಎಂಬ ರಸವು ಕುಗ್ಗಿತು. ಹಸಿವನ್ನುಂಟುಮಾಡುವ ಗ್ರೆಲಿನ್ ಹೆಚ್ಚಿತು. ಸಿಹಿಯನ್ನೂ ಪಿಷ್ಟವನ್ನೂ ತಿನ್ನುವ ಆಸೆಯು ಬಲವಾಯಿತು. ಪಂಪುಸೆಟ್ಟಿನ ವಿದ್ಯುತ್ತು ರಾತ್ರಿಯ ಸರದಿಯಲ್ಲಿ ಬರುವ ಊರುಗಳಲ್ಲಿ, ನೀರು ಕಟ್ಟಲು ನಡುರಾತ್ರಿ ಏಳುವ ರೈತನು ಈ ನಷ್ಟಕ್ಕೆ ಪ್ರತಿದಿನವೂ ಗುರಿಯಾಗುವನೆಂಬುದನ್ನು ಮುಖಂಡರು ಮನಗಾಣಬೇಕು. ಮೈ ಬೆಳೆದಂತೆ ಗೊರಕೆ, ಉಸಿರುಕಟ್ಟುವಿಕೆಗಳು ಹೆಚ್ಚಿ ನಿದ್ರೆಯು ಮತ್ತಷ್ಟು ಕೆಡುವುದೂ ಉಂಟು.

ಆದುದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು:

1. ರಾತ್ರಿಯ ಊಟವನ್ನು ಏಳು ಗಂಟೆಯ ಸುಮಾರಿಗೆ, ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿಸುವುದು. ಮಧುಮೇಹಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳಿ ಹೊತ್ತನ್ನು ಬದಲಾಯಿಸಬೇಕು.

2. ಒಂದು ಹೊತ್ತಾದರೂ ರಾಗಿಯನ್ನು ಉಣ್ಣುವುದು. ಇದರಲ್ಲಿ ನಾರು ನೂರಕ್ಕೆ ಸುಮಾರು 11ರಷ್ಟು, ಪಾಲಿಷ್ ಅಕ್ಕಿಯಲ್ಲಿ ಮೂರಕ್ಕಿಂತಲೂ ಕಡಿಮೆ. ಆದರೆ ಮುದ್ದೆಯಾದರೂ ಮಿತಿಮೀರಿದರೆ ತೂಕವನ್ನು ಏರಿಸುವುದು.

3. ನೆರೆಯ ಜಮೀನಿನವರು ಒಗ್ಗೂಡಿ ರಾತ್ರಿ ನೀರು ಕಟ್ಟುವ ಪಾಳಿಯನ್ನು ಗೊತ್ತುಮಾಡಿಕೊಂಡು, ಉಳಿದ ರಾತ್ರಿಗಳಲ್ಲಿ ಏಳು ಗಂಟೆಯ ನಿದ್ರೆಯನ್ನು ಪಡೆಯುವುದು.

4. ಪಂಚಾಯಿತಿಯ ಸಭೆಗಳನ್ನು ಹಗಲಿನಲ್ಲಿಯೇ ಮುಗಿಸುವುದು.

ಇವುಗಳಿಗೆ ಹೆಚ್ಚಿನ ಖರ್ಚಿಲ್ಲ. ಊರಿನ ಪ್ರಮುಖರು ತಮ್ಮ ಮನೆಯಲ್ಲಿ ಮೊದಲು ಆಚರಿಸಿ ತೋರಿದರೆ, ಉಳಿದವರು ಅನುಸರಿಸುವರೆಂಬುದರಲ್ಲಿ ಸಂದೇಹವಿಲ್ಲ.