ಹಳೇ ಕಾರು, ಹೊಸ ಅಚ್ಚು

ಬಂಗಾರದ ಬಣ್ಣದ ಪುಟ್ಟ ಕಾರು. ಉದ್ದ ಸುಮಾರು ನಾಲ್ಕು ಇಂಚು. ಪಕ್ಕದ ಗುಂಡಿ ಒತ್ತಿದರೆ ಛಾವಣಿಯ ಮುಚ್ಚಳ ತೆರೆದು, ಒಳಗೆ ಕೂತಿದ್ದ ಖಳ ಸೀಟಿನಿಂದ ಚಿಮ್ಮಿ ಹೊರಗೆ ಬೀಳುತ್ತಾನೆ. ಹಿಂಬದಿಯ ಹೊಗೆಕೊಳವೆ ಅದುಮಿದರೆ ಗುಂಡು ತಡೆಯುವ ತಗಡು ಎದ್ದು ನಿಲ್ಲುತ್ತದೆ. ಮುಂಭಾಗದಿಂದ ಬಂದೂಕಿನ ನಳಿಗೆಗಳು ಇಣುಕುತ್ತವೆ. 1965ರಲ್ಲಿ ಬ್ರಿಟನ್ನಿನ ಕಾರ್ಗಿ ಟಾಯ್ಸ್ ಮಾರುಕಟ್ಟೆಗೆ ತಂದ 261ನೇ ನಂಬರಿನ ಆಟಿಕೆ ಇದು: ‘ಗೋಲ್ಡ್‌ಫಿಂಗರ್’ ಸಿನಿಮಾದ ಜೇಮ್ಸ್ ಬಾಂಡ್ ಓಡಿಸಿದ ಆಸ್ಟನ್ ಮಾರ್ಟಿನ್ ಡಿಬಿ5. ಸಿನಿಮಾದ ಕಾರು ಬೆಳ್ಳಿ ಬಣ್ಣದ್ದು. ಆಟಿಕೆಗೂ ಅದೇ ಬಣ್ಣ ಬಳಿದರೆ ಬಣ್ಣ ಹಚ್ಚಲು ಮರೆತ ಬರೀ ಲೋಹದಂತೆ ಕಂಡೀತೆಂದು ಬಂಗಾರದ ಬಣ್ಣ ಕೊಟ್ಟರು. ಆ ವರ್ಷದ ಕ್ರಿಸ್‌ಮಸ್ ಬೇಡಿಕೆಗೆ ತಕ್ಕಷ್ಟು ಕಾರು ಒದಗಿಸಲು ಕಾರ್ಖಾನೆಗೆ ಆಗಲಿಲ್ಲ.

ಈ 261 ಮತ್ತೆ ಮತ್ತೆ ಮರುಬಿಡುಗಡೆಯಾಗಿದೆ. ಅದರ ಜೊತೆಯ ಎಷ್ಟೋ ಆಟಿಕೆ ವಾಹನಗಳೂ ಹಳೇ ಪೆಟ್ಟಿಗೆ, ಹಳೇ ನಂಬರು, ಹಳೇ ಬಣ್ಣದಲ್ಲಿ ಒಂದೊಂದಾಗಿ ಹೊರಬರುತ್ತಿವೆ. ಕಾರ್ಗಿ ಈಗ ಹಾರ್ನ್‌ಬಿ ಕಂಪನಿಯ ಕೈಯಲ್ಲಿದೆ. ‘ಕಾರ್ಗಿ ಮಾಡೆಲ್ ಕ್ಲಬ್’ ಎಂಬ ಹೆಸರಿನಲ್ಲಿ, ಚಂದಾದಾರರಾದ ಸಂಗ್ರಾಹಕರಿಗೆ ಐವತ್ತು–ಅರವತ್ತರ ದಶಕದ ಕಾರುಗಳನ್ನು ಹೊಸದಾಗಿ ಮಾಡಿ ಕಳಿಸುತ್ತಾರೆ. ಕಾರ್ಗಿ ಹುಟ್ಟಿದ್ದು 1956ರಲ್ಲಿ. ಅಂದರೆ 2026ಕ್ಕೆ 70 ತುಂಬುತ್ತದೆ. ಇಂಥ ವರ್ಷಗಳು ಬಂದಾಗ ಮರುಬಿಡುಗಡೆಗಳ ಸಾಲೂ ಉದ್ದವಾಗುತ್ತದೆ. ಆದರೆ ಹಳೆಯದೆಂದು ಮಾರುವ ಎಲ್ಲವೂ ಒಂದೇ ಶ್ರದ್ಧೆಯಿಂದ ಹುಟ್ಟಿದ್ದಲ್ಲ. ಯಾವುದರ ಹಿಂದೆ ನಿಜವಾದ ಕೆಲಸ ಇದೆ, ಯಾವುದರಲ್ಲಿ ಬರೀ ನೆನಪಿನ ವ್ಯಾಪಾರ ಇದೆ ಎಂಬುದನ್ನು ತಿಳಿಯಬೇಕಾದರೆ ಅಚ್ಚಿನಿಂದಲೇ ಶುರು ಮಾಡಬೇಕು.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕಿದವರಿಗೆ ಈ ತಂತ್ರ ಹೊಸದಲ್ಲ. ಎರಡು ಹೋಳು ಮರದ ಅಚ್ಚನ್ನು ಬಿಗಿಯಾಗಿ ಕಟ್ಟಿ, ಬಿಸಿ ಪಾಕ ಹುಯ್ದು, ಗಟ್ಟಿಯಾದ ಮೇಲೆ ಬಿಡಿಸಿದರೆ ಆನೆಯೋ ನವಿಲೋ ಸಿಗುತ್ತದೆ. ಡೈ-ಕಾಸ್ಟ್ ಕಾರಿನಲ್ಲಿ ಮರದ ಬದಲು ಗಟ್ಟಿ ಉಕ್ಕು, ಪಾಕದ ಬದಲು ಸತುವಿನ ಮಿಶ್ರಲೋಹ. ಸತುವಿಗೆ ಶೇ. 4ರಷ್ಟು ಅಲ್ಯೂಮಿನಿಯಂ, ತುಸು ಮೆಗ್ನೀಸಿಯಂ, ಕೆಲವೊಮ್ಮೆ ತಾಮ್ರ ಬೆರೆಸುತ್ತಾರೆ. ಬ್ರಿಟನ್ನಿನಲ್ಲಿ ಇದನ್ನು ಮಜಾಕ್ ಎಂದೂ ಬೇರೆಡೆ ಜಮಾಕ್ ಎಂದೂ ಕರೆಯುತ್ತಾರೆ. 400 ಡಿಗ್ರಿ ಸೆಲ್ಸಿಯಸ್‌ಗೂ ಮೊದಲೇ ಕರಗುತ್ತದೆ. ಕರಗಿದ ಲೋಹವನ್ನು ಯಂತ್ರ ಒತ್ತಡದಿಂದ ಅಚ್ಚಿಗೆ ತಳ್ಳಿದರೆ ಬಾಗಿಲಿನ ಗೆರೆ, ಹಿಡಿಕೆ, ಮುಂದಿನ ಜಾಲರಿಯ ಒಂದೊಂದು ಕಡ್ಡಿ ಕೂಡ ಮೂಡುತ್ತದೆ. ಪೀಣ್ಯದ ಟೂಲ್‌ರೂಮಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತಿದೆ: ಇಂಥ ಅಚ್ಚು ತಯಾರಾಗುವವರೆಗೆ ಖರ್ಚೇ ಖರ್ಚು, ಆಮೇಲೆ ಒಂದೊಂದು ತುಂಡಿಗೂ ಬೀಳುವುದು ಬಿಡಿಗಾಸು. ಹೀಗಾಗಿ ಹಳೆಯ ಆಟಿಕೆ ಕಂಪನಿಗಳ ನಿಜವಾದ ಆಸ್ತಿ ಅಚ್ಚಿನ ಉಗ್ರಾಣದಲ್ಲಿತ್ತು. ಒಂದೇ ಅಚ್ಚನ್ನು ತಿದ್ದಿ ಬೇರೆ ಕಾರು ಮಾಡುವ ಜಾಣತನವೂ ಇತ್ತು. ಬಾಂಡ್ ಕಾರನ್ನೇ ನೋಡಿ. ಕಾರ್ಗಿಯವರ ಹಿಂದಿನ ಡಿಬಿ4ರ ಅಚ್ಚನ್ನು ಬದಲಿಸಿ ಮಾಡಿದ್ದು ಅದು. ಕಾರ್ಗಿಯ ಮುಖ್ಯ ವಿನ್ಯಾಸಕಾರ ಮಾರ್ಸೆಲ್ ವಾನ್ ಕ್ಲೀಂಪುಟ್ ಮತ್ತು ಅವರ ತಂಡದ ಕೆಲಸ. ಅಷ್ಟು ಸಣ್ಣ ಒಡಲಿನಲ್ಲಿ ಸ್ಪ್ರಿಂಗು, ಸನ್ನೆ, ಚಿಲಕ ಎಲ್ಲ ಹೊಂದಿಸಿ, ಅದೂ ಮಗುವಿನ ಬೆರಳಿಗೆ ನಿಲುಕುವಂತೆ, ಸಾವಿರ ಸಲ ಒತ್ತಿದರೂ ಕೆಡದಂತೆ ಮಾಡಿದ್ದನ್ನು ನಾನು ಆ ಕಾಲದ ಉತ್ತಮ ಯಂತ್ರಶಿಲ್ಪಗಳ ಸಾಲಿಗೇ ಸೇರಿಸುತ್ತೇನೆ.

ಕಾರ್ಗಿ ಬರುವಷ್ಟರಲ್ಲಿ ಈ ಲೋಕದಲ್ಲಿ ಇಬ್ಬರು ಹಿರಿಯರಿದ್ದರು. ಒಂದು, ಲಿವರ್‌ಪೂಲಿನ ಬಿನ್ಸ್ ರೋಡಿನಲ್ಲಿದ್ದ ಮೆಕ್ಯಾನೋ ಕಂಪನಿಯ ಡಿಂಕಿ ಟಾಯ್ಸ್. ಮೆಕ್ಯಾನೋ ಕಟ್ಟಿದ ಫ್ರಾಂಕ್ ಹಾರ್ನ್‌ಬಿ ಆಟಿಕೆ ರೈಲುಗಳನ್ನೂ ಮಾಡುತ್ತಿದ್ದರು. ಆ ರೈಲುಗಳ ಪಕ್ಕದಲ್ಲಿಡಲೆಂದು 1933ರಲ್ಲಿ ತಂದ ಪುಟ್ಟ ವಾಹನಗಳಿಗೆ 1934ರಲ್ಲಿ ಡಿಂಕಿ ಎಂಬ ಹೆಸರು ಬಿತ್ತು. ಇಂದಿಗೂ ಸಂಗ್ರಾಹಕರ ನಡುವೆ ಬಳಕೆಯಲ್ಲಿರುವ 1:43ರ ಅಳತೆ ಬಂದದ್ದೂ ಆ ರೈಲಿನ ಅಳತೆಯಿಂದಲೇ. ಇನ್ನೊಂದು ಮ್ಯಾಚ್‌ಬಾಕ್ಸ್. ಲೆಸ್ಲಿ ಸ್ಮಿತ್, ರಾಡ್ನಿ ಸ್ಮಿತ್ ಎಂಬ ಇಬ್ಬರು ಗೆಳೆಯರು (ಅಡ್ಡಹೆಸರು ಒಂದೇ, ನೆಂಟಸ್ತಿಕೆ ಇಲ್ಲ) 1947ರಲ್ಲಿ ತಮ್ಮ ಹೆಸರುಗಳನ್ನೇ ಬೆಸೆದು ಲೆಸ್ನಿ ಕಂಪನಿ ಶುರು ಮಾಡಿದರು. ಉತ್ತರ ಲಂಡನ್ನಿನ ಒಂದು ಹಳೇ ಪಬ್‌ನಲ್ಲಿ ಎರಕದ ಯಂತ್ರ ಹೂಡಿದರು. ಜಾಕ್ ಓಡೆಲ್ ಎಂಬ ಎರಕದ ನಿಪುಣರು ಜೊತೆಗೂಡಿದರು. ಓಡೆಲ್ ಅವರ ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದಲ್ಲಿ ಹಿಡಿಯುವಷ್ಟು ಚಿಕ್ಕ ಆಟಿಕೆಯನ್ನು ಮಾತ್ರ ತರಬಹುದೆಂಬ ನಿಯಮ ಇತ್ತಂತೆ. ಅಪ್ಪ ಹಿತ್ತಾಳೆಯಲ್ಲಿ ಪುಟಾಣಿ ರೋಡ್ ರೋಲರ್ ಮಾಡಿ ಪೊಟ್ಟಣದಲ್ಲಿಟ್ಟು ಕಳಿಸಿದರು. ಸಹಪಾಠಿಗಳಿಗೆಲ್ಲ ಅದೇ ಬೇಕಾಯಿತು. 1953ರಲ್ಲಿ ಲೆಸ್ನಿ ಮಾಡಿದ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಸಾರೋಟಿನ ಚಿಕ್ಕ ಮಾದರಿ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಗಿ ಕೈಯಲ್ಲಿ ಹಣ ಓಡಾಡಿತು. ಅದೇ ವರ್ಷ ಮ್ಯಾಚ್‌ಬಾಕ್ಸ್ ಸರಣಿ ಬಂತು. ಮುಂದೆ 1ರಿಂದ 75ರವರೆಗೆ ನಂಬರು ಹಾಕುವ ಪದ್ಧತಿ ನೆಲೆ ನಿಂತಿತು. ಮಕ್ಕಳು ಉಳಿತಾಯದ ಕಾಸಿನಲ್ಲಿ ತಾವೇ ಕೊಳ್ಳಬಹುದಾದ ಬೆಲೆ.

ಕಾರ್ಗಿಯ ಹಿಂದಿದ್ದ ಮೆಟ್ಟಾಯ್ ಕಂಪನಿಯನ್ನು ಕಟ್ಟಿದವರು ಹಿಟ್ಲರನ ಜರ್ಮನಿ ತೊರೆದು ಬಂದ ಯಹೂದಿ ಉದ್ಯಮಿಗಳು, ಫಿಲಿಪ್ ಉಲ್‌ಮನ್ ಮತ್ತು ಆರ್ಥರ್ ಕಾಟ್ಸ್. ಕಾರ್ಖಾನೆ ವೇಲ್ಸ್‌ನ ಸ್ವಾನ್‌ಸೀಯಲ್ಲಿ. ಅಲ್ಲಿಯ ಗಿಡ್ಡ ಕಾಲಿನ ನಾಯಿಯ ಹೆಸರೇ ಆಟಿಕೆಗೂ ಬಂತು. ಡಿಂಕಿ ಕಾರಿನ ಕಿಟಕಿ ಖಾಲಿ ತೂತಾಗಿದ್ದ ಕಾಲಕ್ಕೆ ಕಾರ್ಗಿ ಪಾರದರ್ಶಕ ಪ್ಲಾಸ್ಟಿಕ್ಕಿನ ಗಾಜು ಕೂರಿಸಿತು. ‘ಕಿಟಕಿ ಇರುವ ಕಾರು’ ಎಂದೇ ಜಾಹೀರಾತು ಕೊಟ್ಟಿತು. ಅಲ್ಲಿಂದಾಚೆಗೆ ಪೈಪೋಟಿ ಬಿರುಸಾಯಿತು. ತೆರೆಯುವ ಬಾಗಿಲು, ಎತ್ತುವ ಬಾನೆಟ್ಟು, ಹೊಳೆಯುವ ದೀಪ. 1966ರ ಬ್ಯಾಟ್‌ಮೊಬೈಲ್ ಕ್ಷಿಪಣಿಗಳನ್ನೇ ಹಾರಿಸುತ್ತಿತ್ತು.

ಈ ಪೈಪೋಟಿಗೆ ಪೆಟ್ಟು ಕೊಟ್ಟದ್ದು ಅಮೆರಿಕ. 1968ರಲ್ಲಿ ಮ್ಯಾಟೆಲ್ ಕಂಪನಿಯ ಹಾಟ್ ವೀಲ್ಸ್ 16 ಕಾರುಗಳೊಂದಿಗೆ ಬಂತು. ತೆಳು ತಂತಿಯ ಇರುಸು, ನುಣುಪು ಚಕ್ರ, ಹೊಳಪು ಲೋಹದ ಮೇಲೆ ಬಣ್ಣದ ಗಾಜಿನಂತೆ ಮಿನುಗುವ ಲೇಪ, ಟೈರಿಗೆ ಕೆಂಪು ಗೆರೆ. ಪಥದ ಮೇಲೆ ಬಿಟ್ಟರೆ ಬ್ರಿಟಿಷ್ ಕಾರುಗಳು ಹಿಂದೆ ಬೀಳುತ್ತಿದ್ದವು. ಮ್ಯಾಚ್‌ಬಾಕ್ಸ್ ಮರುವರ್ಷವೇ ‘ಸೂಪರ್‌ಫಾಸ್ಟ್’ ಚಕ್ರ ತಂದು ಸುಧಾರಿಸಿಕೊಳ್ಳಲು ನೋಡಿತು. ಆದರೆ 1979ರಲ್ಲಿ ಬಿನ್ಸ್ ರೋಡಿನ ಕಾರ್ಖಾನೆ ಮುಚ್ಚಿತು. 1982ರಲ್ಲಿ ಲೆಸ್ನಿ, 1983ರಲ್ಲಿ ಮೆಟ್ಟಾಯ್ ದಿವಾಳಿಯಾದವು. ಹೆಸರುಗಳು ಕೈಯಿಂದ ಕೈಗೆ ಹೋದವು. ಡಿಂಕಿ ಮತ್ತು ಮ್ಯಾಚ್‌ಬಾಕ್ಸ್ ಹೆಸರುಗಳು ಕೊನೆಗೆ ಸೇರಿದ್ದು ಮ್ಯಾಟೆಲ್‌ನ ತೆಕ್ಕೆಗೆ.

ಹೆಸರು ಮಾರುವುದು ಸುಲಭ, ಅಚ್ಚು ಉಳಿಯುವುದು ಕಷ್ಟ. ಸವೆದ ಅಚ್ಚುಗಳು ಗುಜರಿಗೆ ಹೋದವು, ಕೆಲವು ತಿದ್ದುಪಡಿಯಲ್ಲೇ ಮೂಲ ರೂಪ ಕಳೆದುಕೊಂಡವು, ಕೆಲವು ದೂರದ ದೇಶ ಸೇರಿದವು. ಹಾಗಾಗಿ ಇಂದು 1960ರ ಕಾರನ್ನು ಮತ್ತೆ ಮಾಡಲು ಹೊರಟವರು ಸಾಮಾನ್ಯವಾಗಿ ಚೆನ್ನಾಗಿ ಉಳಿದ ಹಳೆಯ ಆಟಿಕೆಯೊಂದನ್ನು ಹುಡುಕಿ, ಬಿಚ್ಚಿ, ಪ್ರತಿಯೊಂದು ತುಂಡನ್ನೂ ಅಳೆದು ಅಥವಾ ಸ್ಕ್ಯಾನ್ ಮಾಡಿ, ಹೊಸ ಅಚ್ಚನ್ನೇ ಕಡೆಯಬೇಕು. ಲೋಹ ಆರುವಾಗ ಕೊಂಚ ಕುಗ್ಗುತ್ತದೆ. ಆ ಲೆಕ್ಕ ತಪ್ಪಿದರೆ ಹೊಸ ಕಾರು ಹಳೆಯದಕ್ಕಿಂತ ಚಿಕ್ಕದಾಗುತ್ತದೆ. ಹಳೆಯ ಅಚ್ಚುಗಾರನ ಅರದ ಗುರುತು, ತುಸು ವಾಲಿದ ಅಕ್ಷರ ಇವನ್ನೆಲ್ಲ ಉಳಿಸಬೇಕೋ ತಿದ್ದಬೇಕೋ ಎಂಬ ಪ್ರಶ್ನೆ ಬೇರೆ. ಉಳಿಸಬೇಕೆಂಬುದು ನನ್ನ ಪಕ್ಷ. ಹಳೆಯ ಆಟಿಕೆಗಳು ಅಸಲಿ ಕಾರಿನ ಕರಾರುವಾಕ್ಕಾದ ನಕಲುಗಳಲ್ಲ. ಒಬ್ಬ ಕುಶಲಕರ್ಮಿ ಆ ಕಾರನ್ನು ಕಂಡ ಬಗೆ ಅವು. ಫ್ರಾನ್ಸಿನ ಡಿಂಕಿಗಳನ್ನು ಅಟ್ಲಾಸ್ ಸಂಸ್ಥೆ ಮ್ಯಾಟೆಲ್‌ನ ಪರವಾನಗಿ ಪಡೆದು ಹೀಗೆಯೇ ಮರುಸೃಷ್ಟಿ ಮಾಡಿತು. ಪೆಟ್ಟಿಗೆಯ ಮೇಲಿನ ಹಳೇ ಚಿತ್ರದ ಸಮೇತ ಬಂದ ಆ ಸರಣಿ ಯುರೋಪಿನ ಎಷ್ಟೋ ಮನೆಗಳ ಕಪಾಟು ತುಂಬಿತು. ಈಗಿರುವ ಯಾವುದೋ ಕಾರಿಗೆ ಹಳೇ ಬಣ್ಣ ಬಳಿದು, ರಟ್ಟಿನ ಮೇಲೆ ಹಳೇ ಲಾಂಛನ ಅಚ್ಚು ಹಾಕಿ ‘ಕ್ಲಾಸಿಕ್’ ಎನ್ನುವುದೂ ನಡೆದಿದೆ. ಅದಕ್ಕೆ ನಾನು ಮರುಬಿಡುಗಡೆ ಎನ್ನಲಾರೆ.

ಯುದ್ಧಪೂರ್ವದ ಡಿಂಕಿಗಳ ವಿಷಯದಲ್ಲಿ ಮರುಸೃಷ್ಟಿಗೆ ಇನ್ನೂ ದೊಡ್ಡ ಕಾರಣ ಇದೆ. ಆಗಿನ ಸತುವಿನಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ, ವರ್ಷ ಕಳೆದಂತೆ ಲೋಹದ ಕಣಗಳ ನಡುವೆ ಬಿರುಕು ಹುಟ್ಟಿ, ಕಾರು ಉಬ್ಬಿ, ಸೊಟ್ಟಗಾಗಿ, ಕೊನೆಗೆ ಮುಟ್ಟಿದರೆ ಪುಡಿಯಾಗುತ್ತದೆ. ಸಂಗ್ರಾಹಕರು ಇದನ್ನು ‘ಜಿಂಕ್ ಪೆಸ್ಟ್’ ಎಂದು ಕರೆದು ಹೆದರುತ್ತಾರೆ. ಔಷಧಿ ಇಲ್ಲ. ತಂಪಾದ, ಒಣ ಜಾಗದಲ್ಲಿ ಇಟ್ಟರೆ ತುಸು ನಿಧಾನವಾಗುತ್ತದೆ, ಅಷ್ಟೇ. ಆಡಿಸದೆ ಪೆಟ್ಟಿಗೆಯಲ್ಲೇ ಜೋಪಾನ ಮಾಡಿದವರ ಕಾರೂ ಹೀಗೆ ಹೋಗಿದೆ. ಅಂಥ ಮಾದರಿಗಳ ರೂಪ ಮುಂದಿನವರಿಗೆ ಸಿಗಬೇಕಾದರೆ ಶುದ್ಧ ಲೋಹದಲ್ಲಿ ಮತ್ತೆ ಎರಕ ಹುಯ್ಯುವುದೇ ದಾರಿ.

ಕೊಳ್ಳುವವರು ಮೊದಲು ಕಾರನ್ನು ತಿರುಗಿಸಿ ತಳ ನೋಡಬೇಕು. ಒಳ್ಳೆಯ ತಯಾರಕರು ತಳದಲ್ಲೋ ಪೆಟ್ಟಿಗೆಯಲ್ಲೋ ಇದು ಹೊಸ ತಯಾರಿ ಎಂಬ ಗುರುತು ಬಿಡುತ್ತಾರೆ. ಆ ಗುರುತು ಉಜ್ಜಿ ಅಳಿಸಿ ಹಳೆಯದೆಂದು ಮಾರುವವರೂ ಇರುತ್ತಾರೆ. ಪೆಟ್ಟಿಗೆಯ ಬಗ್ಗೆ ಇನ್ನೂ ಎಚ್ಚರ ಬೇಕು. ಮಕ್ಕಳು ಕಾರು ಇಟ್ಟುಕೊಂಡು ರಟ್ಟು ಎಸೆದರು. ಆದ್ದರಿಂದ ಅಸಲಿ ಪೆಟ್ಟಿಗೆ ಇದ್ದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ, ಆ ಆಸೆಗೇ ನಕಲಿ ಪೆಟ್ಟಿಗೆಗಳೂ ಹುಟ್ಟುತ್ತವೆ. ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಮರುಬಿಡುಗಡೆಯಾದ ಹಲವು ಕಾರುಗಳ ಪೆಟ್ಟಿಗೆಯಲ್ಲಿ 14 ವರ್ಷ ಮೇಲ್ಪಟ್ಟವರಿಗೆ ಮಾತ್ರ ಎಂದು ಬರೆದಿರುತ್ತದೆ. ಚಿಮ್ಮುವ ಸಣ್ಣ ತುಂಡುಗಳು ಮಗುವಿನ ಗಂಟಲಿಗೆ ಸಿಕ್ಕೀತೆಂಬ ಎಚ್ಚರಿಕೆ ಸರಿಯೇ. ಆದರೆ ಏಳು ವರ್ಷದ ಹುಡುಗಿಯ ಬೆರಳಿಗೆಂದು ಅಳತೆ ಮಾಡಿ ಇಟ್ಟ ಗುಂಡಿ ಈಗ ಐವತ್ತು ದಾಟಿದವರ ಕಪಾಟಿನಲ್ಲಿ ಗಾಜಿನ ಹಿಂದೆ ಇದೆ. ಮುಂದಿನ ಮರುಬಿಡುಗಡೆಗಳಲ್ಲಿ, ಇಂದಿನ ಸುರಕ್ಷತಾ ನಿಯಮಕ್ಕೆ ಹೊಂದುವ, ಮಕ್ಕಳು ಆಡಿಸಬಹುದಾದ ಒಂದೆರಡಾದರೂ ಇರಲಿ ಎಂದು ಮನಸಾರೆ ಬಯಸುತ್ತೇನೆ.

ನಮ್ಮ ದೇಶಕ್ಕೂ ಈ ಕಥೆಯಲ್ಲಿ ಪಾಲಿದೆ. ಎಂಬತ್ತರ ದಶಕದ ಕೊನೆಗೆ ಬಾಲ್ಯ ಕಳೆದವರಿಗೆ ‘ಲಿಯೋ’ ಹೆಸರಿನ ಪೊಟ್ಟಣದಲ್ಲಿ ಬರುತ್ತಿದ್ದ ಹಾಟ್ ವೀಲ್ಸ್ ನೆನಪಿರಬಹುದು. ಭಾರತದಲ್ಲೇ ತಯಾರಾದ ಆ ಕಾರುಗಳ ಬಣ್ಣಗಳು ಬೇರೆಲ್ಲೂ ಸಿಗದಂಥವು; ಅವನ್ನು ಈಗ ಹೊರದೇಶದ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಅದಕ್ಕೂ ಮೊದಲು, ಅರವತ್ತರ ದಶಕದ ಕೊನೆಯ ಹೊತ್ತಿಗೆ, ಲಿವರ್‌ಪೂಲಿನ ಡಿಂಕಿ ಅಚ್ಚುಗಳಲ್ಲಿ ಕೆಲವು ಕಲ್ಕತ್ತಕ್ಕೆ ಬಂದವು. ಅಲ್ಲಿ ಎರಕ ಹುಯ್ದ ಕಾರುಗಳು ‘ನಿಕ್ಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಮಾರಾಟವಾದವು. ಜಾಗ್ವಾರ್, ಬೆಂಟ್ಲಿಗಳ ಜೊತೆಗೆ ಒಂದು ಮಿನಿ ಬಸ್ಸೂ ಇತ್ತು. ಇಂಗ್ಲೆಂಡಿನಲ್ಲಿ ಅದು ಅಟ್ಲಾಸ್ ಬಸ್ಸು, ಇಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಯ ವ್ಯಾನಿನ ಹೆಸರು ಪಡೆದು ‘ಸ್ಟ್ಯಾಂಡರ್ಡ್ 20’ ಆಯಿತು. ನಿಕ್ಕಿ ಕಾರುಗಳ ಬಣ್ಣ ಒರಟು, ಸವೆದ ಅಚ್ಚಿನಿಂದಾಗಿ ಅಂಚುಗಳು ಮಂದ. ತಳದಲ್ಲಿ ಡಿಂಕಿ ಎಂಬ ಹೆಸರನ್ನು ಕೆರೆದು ಮರೆಸಿದ ಗುರುತು ಬರಿಗಣ್ಣಿಗೇ ಕಾಣುತ್ತದೆ.

ಯಾರಾದರೂ ಆ ಮಿನಿ ಬಸ್ಸನ್ನು ಮತ್ತೆ ಅಚ್ಚಿಗೆ ಹಾಕುವುದಾದರೆ ಮುಂಗಡ ಕಟ್ಟುವವರಲ್ಲಿ ನಾನೂ ಒಬ್ಬ. ಷರತ್ತು ಒಂದೇ: ತಳದ ಆ ಕೆರೆತವನ್ನು ನುಣ್ಣಗೆ ಮಾಡಬಾರದು.