ಸ್ಪ್ಯಾನಿಷ್ ಪದವನ್ನು ಬಿಡಿಸುವುದು ಹೇಗೆ?

ಪ್ರಶ್ನೆ: ಸ್ಪ್ಯಾನಿಷ್ ಪದಗಳನ್ನು ಉಚ್ಚಾರಾಂಶಗಳಾಗಿ ಬಿಡಿಸಲು ನಿಯಮವಿದೆಯೇ? ಬಿಡಿಸಿ ಪ್ರಯೋಜನವೇನು?

ಉತ್ತರ: ನಿಯಮವಿದೆ, ಕಲಿಯಲು ಕಷ್ಟವೂ ಅಲ್ಲ. ಎರಡು ಸ್ವರಗಳ ನಡುವಿನ ಒಂಟಿ ವ್ಯಂಜನ ಮುಂದಿನ ಸ್ವರದ ಜೊತೆ ಹೋಗುತ್ತದೆ: ಕಾ-ಸಾ (ಮನೆ). ಎರಡು ವ್ಯಂಜನಗಳಿದ್ದರೆ ಆಚೆಗೊಂದು, ಈಚೆಗೊಂದು: ಕಾರ್-ತಾ (ಪತ್ರ). ಆದರೆ ಪ, ಬ, ತ, ದ, ಕ, ಗ, ಫಗಳ ಬೆನ್ನಿಗೆ ರ ಬಂದರೆ ಜೋಡಿ ಒಡೆಯುವುದಿಲ್ಲ: ಪಾ-ದ್ರೆ (ತಂದೆ). ಲ ಬಂದಾಗಲೂ ಬಹುಮಟ್ಟಿಗೆ ಹೀಗೆಯೇ. ತ-ಲ ಜೋಡಿಯಲ್ಲಿ ಮಾತ್ರ ಪದ್ಧತಿ ಬೇರೆ ಬೇರೆ: ಕ್ರೀಡಾಪಟುವನ್ನು ಸ್ಪೇನಿನ ಬಹುಭಾಗದಲ್ಲಿ ‘ಅತ್-ಲೇ-ತಾ’ ಎಂದರೆ ಮೆಕ್ಸಿಕೊದಲ್ಲಿ ‘ಅ-ತ್ಲೇ-ತಾ’ ಎನ್ನುತ್ತಾರೆ.

ಸ್ವರಗಳಲ್ಲಿ ಅ, ಎ, ಒ ಬಲಿಷ್ಠ. ಇ, ಉ ದುರ್ಬಲ. ಎರಡು ಬಲಿಷ್ಠ ಸ್ವರಗಳು ಎದುರಾದರೆ ಬೇರೆಯಾಗುತ್ತವೆ: ತೆ-ಆ-ತ್ರೊ (ರಂಗಮಂದಿರ). ದುರ್ಬಲ ಸ್ವರ ಪಕ್ಕದ ಸ್ವರದಲ್ಲಿ ಬೆರೆಯುತ್ತದೆ: ಬೈ-ಲೆ (ನೃತ್ಯ). ಅದೇ ದುರ್ಬಲ ಸ್ವರದ ಮೇಲೆ ಒತ್ತುಗೆರೆ ಇದ್ದರೆ ಮತ್ತೆ ಬೇರೆ: ದೀ-ಆ (ದಿನ).

ಇದರ ದೊಡ್ಡ ಪ್ರಯೋಜನ, ಒತ್ತು ಎಲ್ಲಿ ಬೀಳುತ್ತದೆಂದು ತಿಳಿಯುವುದು. ಸ್ವರ, ನ್ ಅಥವಾ ಸ್‌ನಿಂದ ಮುಗಿಯುವ ಪದದಲ್ಲಿ ಕೊನೆಯಿಂದ ಎರಡನೆಯ ಅಂಶಕ್ಕೆ, ಉಳಿದವುಗಳಲ್ಲಿ ಕೊನೆಯದಕ್ಕೆ ಒತ್ತು. ಈ ನಿಯಮ ಮೀರುವ ಪದಗಳಿಗೆ ಬರಹದಲ್ಲೇ ಒತ್ತುಗೆರೆ ಹಾಕಿರುತ್ತಾರೆ. ಹೊಸ ಪದ ಸಿಕ್ಕಾಗ ಮೊದಲು ಬಿಡಿಸಿ, ಆಮೇಲೆ ಉಚ್ಚರಿಸಿ.